ಸಾಫ್ತಕ್ಕ ಅಂಟಿಸಿದ ಚೀಟಿಗಳು

ಗ್ಯಾಸ್ ಗಲಾಟೆಯ ಮಾತು ಬಂದರೆ ನಮ್ಮ ಸಲ್ಚೆನಿ ಊರಿನವರು ರಸ್ತೆಗೆ ಟ್ರ್ಯಾಕ್ಟರ್ ಅಡ್ಡ ನಿಲ್ಲಿಸಿದ ಕಥೆಯನ್ನೇ ಹೇಳುತ್ತಾರೆ. ನಿಲ್ಲಿಸಿದ್ದು ನಿಜ. ಆದರೆ ಅರ್ಧ ಗಂಟೆಯಲ್ಲಿ ಚಳಿ ತಡೆಯಲಾರದೆ ಎಲ್ಲರೂ ಮನೆ ಸೇರಿಕೊಂಡರು ಎಂಬುದನ್ನು ಮಾತ್ರ ಹೇಳುವುದಿಲ್ಲ. ಟಿವಿಯವರು ಬಂದಿದ್ದರು ಎನ್ನುತ್ತಾರೆ. ಟಿವಿಯವರು ತೋರಿಸಿದ್ದು ಪಕ್ಕದ ಊರನ್ನು. ನಮ್ಮಲ್ಲಿ ಏನಾದರೂ ನಡೆದಿದ್ದರೆ ಅದು ಸಾಫ್ತಕ್ಕನಿಂದ, ಅದೂ ಅವಳು ಮಾಡಿದ ಒಂದು ತಪ್ಪಿನಿಂದ. ಆ ತಪ್ಪಿನಲ್ಲಿ ಅರ್ಧ ಪಾಲು ನನ್ನದು.

ನಾನು ಇಲ್ಲಿ ಮೂವತ್ತೆರಡು ವರ್ಷ ದನದ ಡಾಕ್ಟರಾಗಿದ್ದವನು. ಚರ್ಚಿನ ಕಡೆ ಹೋಗುವುದು ಕಡಿಮೆ. ಸಾಫ್ತಕ್ಕನ ಪರಿಚಯವಾದದ್ದು ಅವಳ ಹಂದಿಯಿಂದ. ಮೂವತ್ತೆಂಟಕ್ಕೇ ಗಂಡನನ್ನು ಕಳೆದುಕೊಂಡವಳು, ಮತ್ತೆ ಮದುವೆಯಾಗಲಿಲ್ಲ. ಅಂದಿನಿಂದಲೂ ಭಾನುವಾರದ ಪೂಜೆಗೆ ಬೇಕಾದ ಸಣ್ಣ ರೊಟ್ಟಿಗಳನ್ನು ಬೇಯಿಸುವ ಕೆಲಸ ಅವಳದು. ಅದೇನು ದೊಡ್ಡ ಕೆಲಸ ಎಂದು ನಾನೂ ಅಂದುಕೊಂಡಿದ್ದೆ. ಶುಕ್ರವಾರ ಉಪವಾಸ, ಶನಿವಾರ ಬೆಳಿಗ್ಗೆ ಹಿಟ್ಟು ನಾದುವಾಗ ಮೌನ. ಆ ದಿನ ಯಾರೊಂದಿಗೂ ಜಗಳ ಆಗಕೂಡದು. ಒಮ್ಮೆ ನಾನು ಆ ಹೊತ್ತಿಗೇ ಹೋಗಿ, ಹಂದಿಗೆ ಇಂಜೆಕ್ಷನ್ ಬೇಕೇ ಬೇಡವೇ ಎಂದು ವಾದಕ್ಕಿಳಿದೆ. ಅವಳೂ ಬಿಡಲಿಲ್ಲ, ಚೆನ್ನಾಗಿ ಜಾಡಿಸಿದಳು. ನಾನು ಸೋತು ಚೀಲ ಮುಚ್ಚುವಷ್ಟರಲ್ಲಿ ನಾದಿದ ಹಿಟ್ಟನ್ನೆಲ್ಲ ತಂದು ಅದೇ ಹಂದಿಯ ಮುಂದೆ ಸುರಿದು, ಕೈ ತೊಳೆದು, ಹೊಸ ಹಿಟ್ಟಿಗೆ ನೀರು ಹಾಕಿದಳು.

"ಹಿಟ್ಟಿಗೇನಾಗಿತ್ತಕ್ಕ?" ಅಂದೆ.

"ಹಿಟ್ಟಿಗೇನೂ ಆಗಿರ್ಲಿಲ್ಲ. ನನ್ನ ಬಾಯಿ ಕೆಟ್ಟಿತ್ತು," ಅಂದಳು.

ರೊಟ್ಟಿಯ ಜೊತೆಗೆ ಚೀಟಿಗಳೂ ಅವಳ ಮೂಲಕವೇ ಚರ್ಚಿಗೆ ಹೋಗುತ್ತಿದ್ದವು. ಪ್ರತಿ ಮನೆಯಿಂದಲೂ ಶನಿವಾರ ಸಂಜೆ ಒಂದು ಚೀಟಿ ಬರುತ್ತದೆ. ನಡುವೆ ಒಂದು ಗೆರೆ. ಎಡಗಡೆ ಮನೆಯಲ್ಲಿ ಬದುಕಿರುವವರ ಹೆಸರು, ಬಲಗಡೆ ಸತ್ತವರ ಹೆಸರು. ಬರೀ ಹೆಸರು, ಮನೆತನದ ಹೆಸರಿಲ್ಲ. ಯಾವ ಇವಾನ್ ಯಾರ ಮಗ ಎಂಬುದು ದೇವರಿಗೆ ಗೊತ್ತಿರುತ್ತದೆ. ಪಾದ್ರಿಗಳು ಅವನ್ನು ಓದುತ್ತಾರೆ. ಸತ್ತವರ ಒಂದೊಂದು ಹೆಸರಿಗೂ ಜನ "ದೇವರು ಮನ್ನಿಸಲಿ" ಅನ್ನುತ್ತಾರೆ.

ಇದರಲ್ಲೂ ಕೈಚಳಕ ತೋರಿಸುವವರು ಇದ್ದಾರೆ. ಆಗದವರ ಹೆಸರನ್ನು ಮೆಲ್ಲಗೆ ಬಲಗಡೆ ಸೇರಿಸಿಬಿಡುತ್ತಾರೆ. ಬದುಕಿದ್ದವನನ್ನು ಹಾಗೆ ಓದಿಸಿದರೆ ಅವನು ಒಣಗಿ ಹೋಗುತ್ತಾನೆಂದು ನಂಬಿಕೆ. ಸಾಫ್ತಕ್ಕ ಒಂದೊಂದು ಚೀಟಿಯನ್ನೂ ದೀಪಕ್ಕೆ ಹಿಡಿದು ನೋಡುವಳು. ಅಂಥದ್ದು ಸಿಕ್ಕರೆ ತಾನೇ ಆ ಮನೆಗೆ ಹೋಗಿ, "ಒಂದು ಹೆಸರು ದಾರಿ ತಪ್ಪಿದೆ, ಸರಿ ಮಾಡ್ಕೊಡು," ಎಂದು ವಾಪಸು ಕೊಟ್ಟು ಬರುವಳು. ಪೊಲೀಸಿನವನ ಅತ್ತೆಗೂ ಹಾಗೆ ಕೊಟ್ಟಿದ್ದಾಳೆ. ಆ ಚೀಟಿಯಲ್ಲಿ ದಾರಿ ತಪ್ಪಿದ್ದವನು ಪೊಲೀಸಿನವನೇ. "ಗೊತ್ತಿದ್ದೂ ಬದುಕಿರೋರನ್ನ ಸತ್ತೋರ ಜೊತೆ ಹೊತ್ತ ಕೈ ಆ ಹಿಟ್ಟು ಮುಟ್ಟಬಾರದು ಡಾಕ್ಟ್ರೇ," ಎಂದು ನನಗೆ ಹೇಳಿದ್ದಳು. ನಾನು ನಕ್ಕಿದ್ದೆ.

ಆ ವರ್ಷ ನಮ್ಮ ಮೇಯರ್ ಹರಲಾಂಬ್ ಊರಿನ ಗೋಮಾಳವನ್ನು ಗ್ಯಾಸ್ ಕಂಪನಿಗೆ ಐದು ವರ್ಷಕ್ಕೆ ಬರೆದುಕೊಟ್ಟ. ಕೆಟ್ಟವನಲ್ಲ ಹರಲಾಂಬ್. ರಸ್ತೆ ಆಗುತ್ತದೆ, ಶಾಲೆಗೆ ಹೊಸ ಸೂರು ಬರುತ್ತದೆ ಎಂದು ನಂಬಿದ್ದ. ನೆಲದ ಕೆಳಗೆ ಎರಡು ಮೂರು ಕಿಲೋಮೀಟರು ಕೊರೆದು, ಲಾರಿಗಟ್ಟಲೆ ನೀರು, ಮರಳು, ಔಷಧಿ ಇಳಿಸಿ ಕಲ್ಲಿನ ಪದರ ಸೀಳಿದರೆ ಅದರೊಳಗಿನ ಗ್ಯಾಸು ಮೇಲೆ ಬರುತ್ತದಂತೆ. ಸರಿ. ಆದರೆ ನಮ್ಮೂರಿಗೆ ನಲ್ಲಿ ಇಲ್ಲ. ಕುಡಿಯುವುದು, ದನಕ್ಕೆ ಕೊಡುವುದು, ಮುಸುಕಿನ ಜೋಳದ ಮುದ್ದೆಗೆ ಎಸರಿಡುವುದು ಎಲ್ಲ ಬಾವಿ ನೀರಿನಲ್ಲೇ. ಗೋಮಾಳದ ಕೆಳಗೇ, ಎಲ್ಲಕ್ಕಿಂತ ಹತ್ತಿರದಲ್ಲಿದ್ದ ಬಾವಿ ಪರಸ್ಕೀವಾ ಅಜ್ಜಿಯದು. ಅವಳು ಹರಲಾಂಬನ ತಾಯಿ. ಕಾಗದಕ್ಕೆ ಸಹಿ ಬಿದ್ದ ದಿನದಿಂದ ಅವಳು ಮಗನ ಜೊತೆ ಮಾತು ಬಿಟ್ಟಳು. ಅವನೂ ಹಟಮಾರಿ, ಆ ಕಡೆ ಕಾಲಿಡಲಿಲ್ಲ.

ಹಾಲು ಸಂಗ್ರಹಿಸುವ ಕೊಠಡಿಯಲ್ಲಿ ನಾವು ಐದಾರು ಜನ ಸೇರಿ ಸಮಿತಿ ಮಾಡಿಕೊಂಡೆವು. ಮತದಾರರಲ್ಲಿ ಕಾಲು ಭಾಗ ಜನ ಅರ್ಜಿ ಕೊಟ್ಟರೆ ಗೋಮಾಳದ ವಿಷಯವನ್ನು ಊರಿನ ಮತಕ್ಕೆ ಹಾಕಲೇಬೇಕೆಂದು ವಕೀಲರೊಬ್ಬರು ಹೇಳಿದ್ದರು. ಎಂಟುನೂರರಲ್ಲಿ ಇನ್ನೂರು. ಆದರೆ ನಾವು ಹೋದರೆ ಅರ್ಧ ಮನೆಯವರು ಬಾಗಿಲೇ ತೆಗೆಯುವುದಿಲ್ಲ. ಮೇಯರಿನ ಎದುರು ಯಾಕೆ ಹಾಕಿಕೊಳ್ಳಬೇಕು ಎಂಬ ಅಂಜಿಕೆ. ಸಾಫ್ತಕ್ಕನಿಗೆ ಮುಚ್ಚುವ ಬಾಗಿಲು ಊರಿನಲ್ಲಿರಲಿಲ್ಲ.

"ಅಕ್ಕ, ಮನೆ ಮನೆಗೂ ಹೋಗಿ ಗ್ಯಾಸ್ ಬೇಡ ಅನ್ನೋರ ಹೆಸರು ತಗೊಂಡು ಬಾ," ಎಂದೆ. ಸಹಿ ಎಂಬ ಮಾತೇ ನನ್ನ ಬಾಯಿಂದ ಬರಲಿಲ್ಲ.

"ಅಷ್ಟೇ ತಾನೆ? ನಾನು ಅದನ್ನೇ ಮಾಡ್ಕೊಂಡು ಬಂದಿರೋದಲ್ವಾ," ಅಂದಳು.

ಒಂಬತ್ತು ದಿನಕ್ಕೆ ದಪ್ಪನೆಯ ನೋಟ್‌ಬುಕ್ ತಂದುಕೊಟ್ಟಳು. ಆ ಹೊತ್ತಿಗೆ ಒಂದು ಹಸು ಕರು ಹಾಕಲಾರದೆ ಒದ್ದಾಡುತ್ತಿತ್ತು, ನಾನು ಹೊರಟು ನಿಂತಿದ್ದೆ. ತೂಕ ನೋಡಿಯೇ ಖುಷಿಯಾಗಿ, ಬಿಚ್ಚದೆ, ಮೇಲೊಂದು ಅರ್ಜಿ ಕಟ್ಟಿ ಮೇಯರ್ ಕಚೇರಿಗೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದೆ. ಓದಿದವನು ನಾನು, ಸಮಿತಿಯ ಅಧ್ಯಕ್ಷ ನಾನು. ಇವತ್ತಿಗೂ ಅದನ್ನು ನೆನೆದರೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಮೂರು ವಾರದ ಮೇಲೆ ಒಂದು ಮಧ್ಯಾಹ್ನ ಸಮುದಾಯ ಭವನದಲ್ಲಿ ಸಭೆ ಕರೆದರು. ವೇದಿಕೆಯ ಮೇಲೆ ಹರಲಾಂಬ್, ಪಕ್ಕದಲ್ಲಿ ರಾಜಧಾನಿಯಿಂದ ಬಂದ ಕಂಪನಿಯ ವಕೀಲ, ಮೇಜಿನ ಮೇಲೆ ನಮ್ಮ ನೋಟ್‌ಬುಕ್. ವಕೀಲ ಚಿಕ್ಕ ವಯಸ್ಸಿನವನು, ಒಳ್ಳೆ ಮಾತುಗಾರ.

"ಇದು ನಿಮ್ಮ ಅರ್ಜಿ," ಅಂದ. "ಇದರಲ್ಲಿ ಒಂದೂ ಸಹಿ ಇಲ್ಲ. ಮನೆತನದ ಹೆಸರಿಲ್ಲ. ಹಿಟ್ಟಿನ ಅಂಟು ಮಾತ್ರ ಬೇಕಾದಷ್ಟಿದೆ."

ಜನ ನಕ್ಕರು. ಅವನು ಪುಟ ತೆರೆದು ನಮ್ಮತ್ತ ತೋರಿಸಿದ. ಸಾಫ್ತಕ್ಕ ಮನೆ ಮನೆಯಿಂದಲೂ ಶನಿವಾರದ ಚೀಟಿಯನ್ನೇ ತಂದು ಸಾಲಾಗಿ ಅಂಟಿಸಿದ್ದಳು. ಹೆಸರು ಕೊಡಿ ಎಂದು ಅವಳು ಬಂದರೆ ಊರಿನವರು ಬೇರೆ ಯಾವ ಹೆಸರು ಕೊಡುತ್ತಾರೆ? ನಡುವೆ ಗೆರೆ, ಎಡಕ್ಕೆ ಬದುಕಿರುವವರು, ಬಲಕ್ಕೆ ಸತ್ತವರು.

"ಬಲಗಡೆ ಇರೋ ಮಹನೀಯರು ಸಭೆಗೆ ಬಂದಿದ್ದಾರಾ ನೋಡೋಣ," ಎಂದು ವಕೀಲ ಓದತೊಡಗಿದ. "ಗವ್ರಿಲ್."

ಹಿಂದಿನ ಬೆಂಚಿನಲ್ಲಿ ಮುದುಕ ತೊವಾದೆರ್ ಟೊಪ್ಪಿಗೆ ತೆಗೆದ. "ದೇವರು ಮನ್ನಿಸಲಿ."

"ಅನಿಸಿಯಾ."

"ದೇವರು ಮನ್ನಿಸಲಿ." ಈ ಸಲ ಹತ್ತಿಪ್ಪತ್ತು ಜನ.

ವಕೀಲನಿಗೆ ಇದು ತಮಾಷೆ ಅನಿಸಿತೋ ಏನೋ, ಮುಂದುವರಿಸಿದ. ಎರಡನೇ ಪುಟಕ್ಕೆ ಭವನವೆಲ್ಲ ಎದ್ದು ನಿಂತಿತ್ತು. ಗಂಡಸರ ಟೊಪ್ಪಿಗೆಗಳೆಲ್ಲ ಕೈಯಲ್ಲಿ. ಮೂರನೇ ಪುಟದಲ್ಲಿ ಅವನ ದನಿ ಇಳಿಯಿತು. ಎಲ್ಲಿ ನಿಲ್ಲಿಸಬೇಕೆಂದು ಅವನಿಗೇ ತಿಳಿಯದೆ ಹೋಯಿತು. ನಿಂತ ಜನರ ಮುಂದೆ ಸತ್ತವರ ಪಟ್ಟಿಯನ್ನು ಅರ್ಧಕ್ಕೆ ಬಿಡುವುದು ಅವನಿಂದಲೂ ಆಗಲಿಲ್ಲ. ಅವನಿಗೂ ತಾಯಿ ತಂದೆ ಇದ್ದಾರಲ್ಲ. ನಡುವೆ ಒಮ್ಮೆ "ಎವ್ದೊಕಿಯಾ" ಎಂದ. ಅದು ತೀರಿಹೋದ ನನ್ನ ಹೆಂಡತಿಯ ಹೆಸರು. ನಾನು ಯಾವತ್ತೂ ಚೀಟಿ ಕೊಟ್ಟವನಲ್ಲ. ನನ್ನ ಮನೆಯ ಚೀಟಿಯನ್ನು ಸಾಫ್ತಕ್ಕ ತಾನೇ ಬರೆದು ಅಂಟಿಸಿದ್ದಳು. "ದೇವರು ಮನ್ನಿಸಲಿ" ಎಂದು ನನ್ನ ಬಾಯಿಯೂ ಹೇಳಿತು. ಕಣ್ಣು ತುಂಬಿ ಬಂತು, ಮುಚ್ಚಿಡಲಿಲ್ಲ.

"ಹರಲಾಂಬ್."

"ದೇವರು ಮನ್ನಿಸಲಿ," ಎಂದು ನೂರೈವತ್ತು ಜನ ಒಂದೇ ಉಸಿರಿಗೆ ಅಂದರು. ವೇದಿಕೆಯ ಮೇಲಿದ್ದ ಹರಲಾಂಬನೂ ಅಂದು ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡ. ಆಮೇಲೆ ಎಲ್ಲರಿಗೂ ಅರಿವಾಯಿತು. ನಮ್ಮ ಊರಿನಲ್ಲಿ ಆ ಹೆಸರಿನವನು ಅವನೊಬ್ಬನೇ. ಅವನಿಗಿಂತ ಮುಂಚೆಯೂ ಯಾರೂ ಇರಲಿಲ್ಲ.

ಯಾರೂ ನಗಲಿಲ್ಲ. ಹರಲಾಂಬ್ ವಕೀಲನ ಕೈಯಿಂದ ನೋಟ್‌ಬುಕ್ ತೆಗೆದುಕೊಂಡು ನೋಡಿದ. ಭವನ ಬೆಚ್ಚಗಿಡುವ ಒಲೆಯ ಪಕ್ಕ ನಿಂತಿದ್ದ ಸಾಫ್ತಕ್ಕ ಜನರ ನಡುವೆ ದಾರಿ ಮಾಡಿಕೊಂಡು ಮುಂದೆ ಬಂದಳು. ಮುಖ ಸುಣ್ಣದಂತಾಗಿತ್ತು.

"ಅದು ನನ್ನ ತಪ್ಪಪ್ಪ. ಚೀಟಿ ಅಂಟಿಸುವಾಗ ಏನೋ ಎಡವಟ್ಟಾಯ್ತು," ಅಂದಳು.

"ಸುಮ್ನಿರಕ್ಕ," ಅಂದ ಹರಲಾಂಬ್. "ನಮ್ಮಮ್ಮನ ಕೈಬರಹ ನನಗೆ ಗೊತ್ತಾಗಲ್ವಾ?"

ನೋಟ್‌ಬುಕ್ ಮುಚ್ಚಿ ಮೇಜಿನ ಮೇಲಿಟ್ಟು, ಟೊಪ್ಪಿಗೆ ತೆಗೆದುಕೊಂಡು ಮೆಟ್ಟಿಲಿಳಿದ. "ಮೇಯರ್ ಸಾಹೇಬ್ರೇ, ಸಭೆ?" ಎಂದ ವಕೀಲ.

"ನೀವೇ ಮುಗಿಸ್ಕೊಳ್ಳಿ. ನಾನು ಸತ್ತಿದ್ದೀನಂತಲ್ಲ."

ಅವನು ನೇರ ತಾಯಿಯ ಮನೆಗೆ ಹೋದ. ಒಳಗೆ ಏನು ಮಾತಾಯಿತೋ ಗೊತ್ತಿಲ್ಲ. ಸಂಜೆಯವರೆಗೂ ಅವಳ ಅಂಗಳದಲ್ಲಿ ಸೌದೆ ಒಡೆಯುತ್ತಿದ್ದ ಎಂದು ನೆರೆಯವರು ಹೇಳಿದರು. ಮಾರನೆಯ ದಿನ ನಾವು ಸರಿಯಾದ ಕಾಗದ ತಂದು, ಮನೆತನದ ಹೆಸರು ಸಮೇತ, ಅವರವರ ಕೈಯಿಂದಲೇ ಸಹಿ ಹಾಕಿಸಿದೆವು. ತಮ್ಮ ತಂದೆ ತಾಯಿಯ ಹೆಸರನ್ನು ಗೇಲಿ ಮಾಡಲು ಓದಿದರಲ್ಲ ಎಂದು ಜನಕ್ಕೆ ಮೈಯೆಲ್ಲ ಉರಿಯುತ್ತಿತ್ತು; ಹಿಂದೆ ಬಾಗಿಲು ಹಾಕಿಕೊಂಡಿದ್ದವರೂ ಸಾಲಿನಲ್ಲಿ ನಿಂತರು. ಇನ್ನೂರು ಬೇಕಿದ್ದ ಕಡೆ ನಾನೂರು ದಾಟಿತು. ಹರಲಾಂಬ್ ತಾನೇ ಮತಕ್ಕೆ ದಿನ ಗೊತ್ತುಮಾಡಿದ. ಗೋಮಾಳ ಊರಿಗೆ ಉಳಿಯಿತು. ಕಂಪನಿಯವರು ನೆಟ್ಟಿದ್ದ ಗೂಟಗಳನ್ನು ಕಿತ್ತುಕೊಂಡು ಹೋದರು. ಅವರಿಗೆ ಬೇರೆ ಕಾರಣಗಳೂ ಇದ್ದಿರಬಹುದು, ನನಗೆ ಅವರ ಲೆಕ್ಕಾಚಾರ ತಿಳಿಯದು.

ಸಹಿ ಹಾಕಲು ಸಾಫ್ತಕ್ಕ ಬಂದದ್ದು ಕೊನೆಗೆ, ಎಲ್ಲರೂ ಹೋದ ಮೇಲೆ. ಸಹಿ ಹಾಕಿದವಳೇ ಹೊರಟುಹೋದಳು. ನಾನು ಬೈಯುತ್ತೇನೆಂದು ಹೆದರಿದ್ದಾಳೆ ಎಂದುಕೊಂಡು ಶನಿವಾರ ಬೆಳಿಗ್ಗೆ, ಈ ಸಲ ಜಗಳಕ್ಕಲ್ಲ, ಕ್ಷಮೆ ಕೇಳಲು ಹೋದೆ. ಹರಲಾಂಬ್ ನನಗಿಂತ ಮೊದಲೇ ಬಂದು ಅಡುಗೆಮನೆಯಲ್ಲಿ ಕೂತಿದ್ದ. ಹಿಟ್ಟು ನಾದುವ ಮರಿಗೆಯನ್ನು ಗೋಡೆಗೆ ಒರಗಿಸಿ ಮಗುಚಿಟ್ಟಿದ್ದಳು. ಮೇಜಿನ ಮೇಲೆ ಹಿಟ್ಟಿನ ಒಂದು ಕಣವೂ ಇರಲಿಲ್ಲ. ರೊಟ್ಟಿಯ ಮೇಲೆ ಒತ್ತುವ ಮರದ ಮುದ್ರೆಯನ್ನು ಒಂದು ಒಗೆದ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದಳು.

"ನೋಡಕ್ಕ, ಅಮ್ಮ ಹೊಸ ಚೀಟಿ ಬರೆದುಕೊಟ್ಟಿದ್ದಾಳೆ," ಎನ್ನುತ್ತಿದ್ದ ಹರಲಾಂಬ್. "ಎಡಗಡೆ ಮೊದಲನೇ ಹೆಸರೇ ನಂದು."

"ಸಂತೋಷಪ್ಪ. ಅದನ್ನ ಅಗ್ಲಾಯಾಗೆ ಕೊಡು. ಇನ್ಮೇಲೆ ರೊಟ್ಟಿ ಅವಳು ಬೇಯಿಸ್ತಾಳೆ."

"ಪಾದ್ರಿಗಳು ನಿಂದೇನೂ ತಪ್ಪಿಲ್ಲ ಅಂದ್ರಂತಲ್ಲಕ್ಕ," ಎಂದೆ ನಾನು. "ಹೆಸರು ಅಂದ್ರೆ ಚೀಟಿ ಅಂತ ತಿಳ್ಕೊಂಡು ನೀನು ತಂದ್ಕೊಟ್ಟೆ, ಅಷ್ಟೇ. ಸರಿಯಾಗಿ ಹೇಳದೇ ಇದ್ದೋನು ನಾನು."

"ಅದಕ್ಕಲ್ಲ ಡಾಕ್ಟ್ರೇ. ಅಂಥ ತಪ್ಪಾಗಿದ್ರೆ ನಗಾಡ್ಕೊಂಡು ಸುಮ್ನಾಗ್ತಿದ್ದೆ." ಅವಳು ಹರಲಾಂಬನ ಕಡೆ ತಿರುಗಿದಳು. "ನಿಮ್ಮಮ್ಮನ ಚೀಟೀಲಿ ನಿನ್ನ ಹೆಸರು ಎಲ್ಲಿದೆ ಅಂತ ನಾನು ನೋಡಿದ್ದೆ. ವಾಪಸ್ ಕೊಡಬೇಕಿತ್ತು. ಇದು ಚರ್ಚಿಗೆ ಹೋಗೋದಲ್ಲ, ಕಚೇರಿಗೆ ಹೋಗೋ ಕಾಗದ, ಏನಾದೀತು ಅಂದ್ಕೊಂಡೆ. ಅವಳ ಬಾವಿ ನೆನೆಸ್ಕೊಂಡ್ರೆ ನಿನ್ನ ಮೇಲೆ ನನಗೂ ಸಿಟ್ಟಿತ್ತು. ಆಮೇಲೆ ನೋಡಿದ್ರೆ ಊರಿಗೂರೇ ನಿಂತ್ಕೊಂಡು ನಿನಗೆ ಮನ್ನಿಸಲಿ ಅಂತು."

"ಏನಾಯ್ತೀಗ? ಬದುಕಿದ್ದೀನಲ್ಲಕ್ಕ ನಾನು," ಎಂದ ಹರಲಾಂಬ್.

"ಗೊತ್ತಪ್ಪ. ಅಂಟಿಸುವಾಗಲೂ ಗೊತ್ತಿತ್ತು."

ಅವಳು ಮುದ್ರೆಯಿದ್ದ ಬಟ್ಟೆಯ ಗಂಟನ್ನು ಎತ್ತಿ ಹರಲಾಂಬನ ಕೈಗೆ ಕೊಟ್ಟಳು, ಹೇಗೂ ಅಗ್ಲಾಯಾಳ ಮನೆ ದಾರಿಯಲ್ಲೇ ಸಿಗುತ್ತದಲ್ಲ ಎಂದು.

ಈಗ ಭಾನುವಾರ ಅವಳು ಎಲ್ಲರ ಹಾಗೆ ಸಾಲಿನಲ್ಲಿ ನಿಂತು ಅಗ್ಲಾಯಾಳ ರೊಟ್ಟಿಯ ತುಂಡು ತೆಗೆದುಕೊಳ್ಳುತ್ತಾಳೆ. ಆ ರೊಟ್ಟಿ ಸ್ವಲ್ಪ ಹುಳಿ, ಅಡಿಯಲ್ಲಿ ಬಿರುಕು ಬಿಟ್ಟಿರುತ್ತದೆ. ಸಾಫ್ತಕ್ಕ ಅದರ ಬಗ್ಗೆ ಇವತ್ತಿನವರೆಗೂ ಒಂದು ಮಾತಾಡಿಲ್ಲ.