ಸಾವಿನ ಮನೆಯಲ್ಲಿ ಹೇಳಿದ ಬಾಯ್

ಬಾಯ್ ಎಂಬ ಮಾತು ನನಗೆ ಮೊದಲಿನಿಂದಲೂ ಆಗಿಬರುವುದಿಲ್ಲ. ಅಂಕೋಲೆಯ ನನ್ನ ತವರಿನಲ್ಲಿ ಹೊರಟವರು ‘ಹೋಗ್ತೆ’ ಎಂದರೆ ಅಮ್ಮ ಅಂಗಳದಿಂದ ವಾಪಸು ಕರೆದು, ‘ಬತ್ತೆ’ ಎಂದು ಹೇಳಿಸಿಯೇ ಬಿಡುತ್ತಿದ್ದಳು. ಅಂಗಡಿಗೆ ಉಪ್ಪು ತರಲು ಹೊರಟರೂ ಅಷ್ಟೇ. ಈಗ ಕಾರವಾರದಲ್ಲಿ ಯಾರನ್ನು ನೋಡಿದರೂ ಬಾಯ್. ಮೀನಿನವಳು ಬುಟ್ಟಿ ತಲೆಗೇರಿಸಿಕೊಂಡು ಬಾಯ್ ಅನ್ನುತ್ತಾಳೆ. ಹಬ್ಬುವಾಡದ ನಮ್ಮ ಪಕ್ಕದ ಮನೆಯಾಕೆ ಫೋನಿನಲ್ಲಿ ಬಾಯ್ ಬಾಯ್ ಎಂದ ಮೇಲೆಯೇ ನಿಜವಾದ ಸುದ್ದಿ ಶುರುಮಾಡುತ್ತಾಳೆ. ಬೇಡದವರನ್ನು ಸಾಗಹಾಕುವುದಕ್ಕೂ ಬಾಯ್, ಮಾತು ಬಾರದ ಮಗುವಿಗೆ ಮೊದಲು ಕಲಿಸುವುದೂ ಬಾಯ್. ಹೋಗುತ್ತಾರೋ ಮತ್ತೆ ಬರುತ್ತಾರೋ ತಿಳಿಯದ ಈ ಮಾತಿನಲ್ಲಿ ಏನು ಸುಖವೋ, ನನಗಂತೂ ಗೊತ್ತಾಗಿಲ್ಲ.

ಅಂಥ ನಾನೇ ಅದನ್ನು ಹೇಳಬಾರದ ಜಾಗದಲ್ಲಿ ಹೇಳಿಬಿಟ್ಟೆ.

ಬಿಣಗಾದಲ್ಲಿ ನನ್ನ ಗೆಳತಿಯ ಮನೆ. ಶಾಲೆಯ ದಿನಗಳಿಂದ ಜೊತೆಗಿದ್ದವಳು. ಕೈಗಾದಲ್ಲಿ ಕೆಲಸಕ್ಕಿದ್ದ ಅವಳ ಗಂಡ ಒಂದು ಬೆಳಿಗ್ಗೆ ಕಂಪನಿಯ ಬಸ್ಸು ಹತ್ತಿ, ಸೀಟಿನಲ್ಲೇ ಎದೆ ಹಿಡಿದುಕೊಂಡು ಕುಸಿದರು. ಆಸ್ಪತ್ರೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು.

ಸಾವಿನ ಮನೆಯಿಂದ ಹೇಳಿ ಹೊರಡುವ ಕ್ರಮ ನಮ್ಮಲ್ಲಿಲ್ಲ. ‘ಬತ್ತೆ’ ಎಂದರೆ ಇಂಥದ್ದೇ ದುಃಖಕ್ಕೆ ಮತ್ತೆ ಬರುತ್ತೇನೆ ಎಂದಂತೆ. ಸುಮ್ಮನೆ ಎದ್ದು ಬರಬೇಕು. ನೋಡಲು ಹೋಗಿದ್ದ ನಾನೂ ಹಾಗೇ ಎದ್ದೆ. ಗೋಡೆಗೊರಗಿ ಕೂತಿದ್ದ ಗೆಳತಿ ತಲೆಯೆತ್ತಿ ನನ್ನನ್ನೇ ನೋಡಿದಳು. ಬತ್ತೆ ಅನ್ನುವಂತಿಲ್ಲ, ಹೋಗ್ತೆ ಅನ್ನುವಂತಿಲ್ಲ. ಏನೂ ಅನ್ನದೆ ಇವಳನ್ನು ಹೇಗೆ ಬಿಟ್ಟು ಹೋಗಲಿ? ‘ಬಾಯ್’ ಅಂದೆ. ಕೈಯನ್ನೂ ಒಂಚೂರು ಎತ್ತಿದ್ದೆ ಅಂತ ಕಾಣುತ್ತದೆ. ಕೂತಿದ್ದ ಹೆಂಗಸರೆಲ್ಲ ನನ್ನತ್ತ ತಿರುಗಿದರು. ಅವಳ ನಾದಿನಿ ಕಣ್ಣಲ್ಲೇ ನನ್ನನ್ನು ಸುಟ್ಟಳು.

ಆಮೇಲೆ ಗೆಳತಿ ಫೋನ್ ಎತ್ತಲಿಲ್ಲ. ನನಗೆ ಊಟ ಸೇರದಾಯಿತು. ಇದೊಂದು ಮಾತಿಗೆ ಇಷ್ಟು ವರ್ಷದ ಗೆಳೆತನ ಹೋಯಿತೇ ಎಂಬ ಹೆದರಿಕೆ. ಗಂಡನನ್ನು ಕೇಳಿದರೆ, ಅದರಲ್ಲೇನಿದೆ ಎಂದರು. ಅಂಕೋಲೆಯ ಅತ್ತಿಗೆ, ಛೆ, ಹಾಗೆಲ್ಲ ಹೇಳುವುದುಂಟೇ ಎಂದಳು. ಕಾಲೇಜಿಗೆ ಹೋಗುವ ಮಗಳು, ದೇವರು ನಿನ್ನ ಜೊತೆಗಿರಲಿ ಎಂಬ ಇಂಗ್ಲಿಷಿನ ಹಾರೈಕೆಯೇ ಸವೆದು ಸವೆದು ಗುಡ್‌ಬಾಯ್, ಆಮೇಲೆ ಬಾಯ್ ಆಗಿದೆ ಎಂದು ಪಾಠ ಮಾಡಿದಳು. ಆ ಮನೆಯಲ್ಲಿ ದೇವರು ಜೊತೆಗಿದ್ದ ಲಕ್ಷಣವೇನೂ ನನಗೆ ಕಂಡಿರಲಿಲ್ಲ. ನನ್ನ ಗೊಂದಲ ಇನ್ನಷ್ಟು ಹೆಚ್ಚಿತು, ಸಿಟ್ಟೂ ಬಂತು.

ಕ್ರಿಯೆಗಳೆಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ಬಿಣಗಾಕ್ಕೆ ಹೋದೆ. ಮೆಟ್ಟಿಲ ಮೇಲೆ ನಿಂತೇ ತಪ್ಪಾಯಿತು ಎಂದೆ. ಯಾವ ತಪ್ಪು ಎಂದು ಅವಳಿಗೆ ಹೊಳೆಯಲೇ ಇಲ್ಲ. ಫೋನು ಆ ದಿನದಿಂದ ಮೈದುನನ ಹತ್ತಿರ ಇತ್ತಂತೆ. ನಾನು ಬಾಯ್ ಅಂದದ್ದನ್ನು ನೆನಪಿಸಿದೆ. ಅವಳು ನನ್ನ ಕೈ ಹಿಡಿದು ಒಳಗೆ ಕರೆದೊಯ್ದು ಕೂರಿಸಿದಳು.

‘ಆ ದಿನ ಅವ್ರು ಹೊರಡುವಾಗ ನಾ ಬಚ್ಚಲಲ್ಲಿದ್ದೆ. ಬಸ್ ಬಂದ್ಬಿಡ್ತು, ನಂಗೆ ಹೇಳ್ದೇ ಹೋದ್ರು,’ ಅಂದಳು. ‘ಆಮೇಲೆ ಬಂದವ್ರೂ ಒಬ್ಬೊಬ್ರೇ ಹೇಳ್ದೇ ಎದ್ದು ಹೋದ್ರು. ಹೇಳಿ ಹೋದವ್ಳು ನೀ ಒಬ್ಳೇ, ಮಾರಾಯ್ತಿ.’

ಹೊರಡುವಾಗ ಏನು ಹೇಳಬೇಕೆಂದು ತಿಳಿಯದೆ, ಸಂಜೆಯ ಬಸ್ಸು ಬಿಟ್ಟು ನಾನು ಅಲ್ಲೇ ಉಳಿದೆ.