ನಿಂತ ಮಳೆಗೆ ಕೂಗಿದ ಸೈರನ್

ಮೂರು ವರ್ಷದ ಹಿಂದಿನ ಮಳೆಗಾಲ. ಮಳೆಮಾಪಕ ಯಂತ್ರಗಳನ್ನು ಕೂರಿಸುವ ಸಣ್ಣ ಸಂಸ್ಥೆಯೊಂದರಲ್ಲಿ ನಾನು ಹಿರಿಯ ಎಂಜಿನಿಯರ್. ಜಾವಳಿ ಹತ್ತಿರದ ಎಸ್ಟೇಟೊಂದರಲ್ಲಿ ಕೆಲಸಕ್ಕೆ ಬರುವವರು ಹಳ್ಳದ ಮೇಲಿನ ಹಲಗೆಯ ಕಾಲುಸಂಕ ದಾಟಬೇಕು. ಗುಡ್ಡದಲ್ಲಿ ಮಳೆ ಜೋರಾದರೆ ಅರ್ಧ ಗಂಟೆಯೊಳಗೆ ಸಂಕ ಮುಳುಗುತ್ತದೆ. ಗುಡ್ಡದ ನಮ್ಮ ಯಂತ್ರ ಹತ್ತು ನಿಮಿಷಕ್ಕೊಮ್ಮೆ ಮಳೆಯ ಅಳತೆಯನ್ನು ಪ್ಯಾಕೆಟ್ ಎಂಬ ಸಣ್ಣ ಸಂದೇಶವಾಗಿ ಮಾಡಿ ರೇಡಿಯೋದಲ್ಲಿ ಕೆಳಗೆ ಕಳಿಸುತ್ತದೆ. ಮಿತಿ ಮೀರಿದರೆ ಸಂಕದ ಬಳಿ ಸೈರನ್ ಕೂಗುತ್ತದೆ. ತಲುಪದ ಪ್ಯಾಕೆಟ್ಟನ್ನು ಮತ್ತೆ ಕಳಿಸುವುದಕ್ಕೆ ರೀಟ್ರಾನ್ಸ್‌ಮಿಷನ್ ಎನ್ನುತ್ತೇವೆ. ಆ ಕೋಡ್ ನನ್ನದೇ. ಅದರ ಬಗ್ಗೆ ಸ್ವಲ್ಪ ಜಂಬವೂ ಇತ್ತು.

ಒಂದೇ ವಾರದಲ್ಲಿ ಮೂರು ಸಲ, ಮಳೆ ನಿಂತ ಮೇಲೆ ಸೈರನ್ ಕೂಗಿತು. ಹೆಣ್ಣಾಳುಗಳು ನಗುತ್ತ ಸಂಕ ದಾಟಿದರು. ಮಾಪಕದೊಳಗೆ ಎಲೆ ಬಿದ್ದಿರಬೇಕೆಂದು ನಾನು ಫೋನಿನಲ್ಲೇ ತೀರ್ಪು ಕೊಟ್ಟೆ.

ಎಸ್ಟೇಟಿನ ಲೆಕ್ಕಪತ್ರ ನೋಡುವ ರೈಟರ್ ಸುಮಿತ್ರಾ ಒಪ್ಪಲಿಲ್ಲ. ಹಾಜರಿಯ ಜೊತೆ ಮಳೆ ಪುಸ್ತಕವೂ ಅವರದೇ. ನಮ್ಮ ಯಂತ್ರದ ಪಕ್ಕದ ಹಳೇ ಮಾಪಕದ ನೀರನ್ನು ದಿನಾ ಬೆಳಿಗ್ಗೆ ಇಂಚು ಮತ್ತು ಇಂಚಿನ ನೂರನೇ ಒಂದು ಭಾಗವಾದ ಸೆಂಟಿನಲ್ಲಿ ಬರೆದರೆ ಸಾಕಿತ್ತು. ಇವರು ಗುಡ್ಡದ ಮೇಸ್ತ್ರಿಯನ್ನು ಕೇಳಿ ಮಳೆ ಹಿಡಿದ ಹೊತ್ತು, ಬಿಟ್ಟ ಹೊತ್ತನ್ನೂ ಬರೆಯುತ್ತಿದ್ದರು. ನಾನು ಹೋದಾಗ ಆ ಪುಸ್ತಕವನ್ನೂ ನಮ್ಮ ಯಂತ್ರದ ಲೆಕ್ಕವನ್ನೂ ಒಟ್ಟಿಗೆ ಮುಂದಿಟ್ಟರು.

"ಮಳೆ ಎಷ್ಟು ಅನ್ನೋದು ಸರಿಯಾಗೇ ಇದೆ ಸಾರ್. ಎಲೆ ಬಿದ್ದಿದ್ರೆ ಅದೂ ತಪ್ಬೇಕಿತ್ತಲ್ಲ? ಹೊತ್ತು ಮಾತ್ರ ತಪ್ಪು."

ನಾನು ಲ್ಯಾಪ್‌ಟಾಪ್ ತೆರೆದೆ. ಮಳೆಯಲ್ಲಿ ಸಂಪರ್ಕ ಕಡಿದಾಗ ಕಾದು ಕೂತ ಪ್ಯಾಕೆಟ್‌ಗಳು ಆಮೇಲೆ ಒಟ್ಟಿಗೆ ಹೊರಡುತ್ತಿದ್ದವು. ಮತ್ತೆ ಕಳಿಸುವಾಗ ನನ್ನ ಕೋಡ್ ಮಳೆ ಅಳೆದ ಸಮಯವನ್ನು ಅಳಿಸಿ, ಕಳಿಸುವ ಸಮಯ ಹಾಕುತ್ತಿತ್ತು. ಎರಡು ಗಂಟೆಯ ಸಾಧಾರಣ ಮಳೆ ಒಂದೇ ನಿಮಿಷದಲ್ಲಿ ಸುರಿದ ಹಾಗೆ ಲೆಕ್ಕವಾಗುತ್ತಿತ್ತು. ನಿಜಕ್ಕೂ ನಾಚಿಕೆಯಾಯಿತು. ಆ ಒಂದು ಸಾಲು ತೆಗೆದೆ. ಸಂಪರ್ಕ ಕಡಿದಾಗ ಸಂಕದ ಬಳಿ ಕೆಂಪು ದೀಪ ಹತ್ತುವಂತೆಯೂ ಮಾಡಿದೆ.

ಸರಿಯಾಯಿತು ಎಂಬ ನನ್ನ ಮಾತು ಸುಮಿತ್ರಾಗೆ ಸಾಲಲಿಲ್ಲ. ಆಂಟೆನಾ ಬಿಚ್ಚಿಸಿ, ಅಳತೆ ಗಾಜಿನಿಂದ ತಾವೇ ಯಂತ್ರಕ್ಕೆ ನೀರು ಹೊಯ್ದು, ಹೊತ್ತು ಬರೆದುಕೊಂಡು, ಒಂದು ಗಂಟೆ ಬಿಟ್ಟು ಆಂಟೆನಾ ಸಿಕ್ಕಿಸಲು ಹೇಳಿದರು. ನೀರು ಹೊಯ್ದ ಸಮಯವೇ ಪರದೆಯ ಮೇಲೆ ಬಂತು, ಗಂಟೆಯ ಹಿಂದಿನ ಅಳತೆಯಾದ್ದರಿಂದ ಸೈರನ್ ಸುಮ್ಮನಿತ್ತು. ಇಷ್ಟು ಅಚ್ಚುಕಟ್ಟಾದ ಪರೀಕ್ಷೆ ನನಗೇ ಹೊಳೆದಿರಲಿಲ್ಲ.

"ಮಿಷನ್ ಸರಿಯಾಯ್ತು. ಆದ್ರೆ ಅದು ಕೂಗಿದ್ರೆ ಈಗ ಯಾರೂ ನಿಲ್ಲಲ್ಲ ಸಾರ್. ನಾನೇ ಹೋಗಿ ನಿಲ್ತೀನಿ" ಎಂದರು.

ಮರುದಿನದಿಂದ ಆಳುಗಳು ಬರುವ ಹೊತ್ತಿಗೆ ಸಂಕದ ತುದಿಯಲ್ಲಿ ಕೊಡೆ ಹಿಡಿದು ನಿಂತರು. ನಾಲ್ಕನೇ ಬೆಳಿಗ್ಗೆ ಸೈರನ್ ಕೂಗಿದಾಗ ನಾನೂ ಪಕ್ಕದಲ್ಲಿದ್ದೆ. ಹಳ್ಳ ಇನ್ನೂ ಏರಿರಲಿಲ್ಲ. ಎಲ್ಲರಿಗಿಂತ ಮುಂದಿದ್ದ ಗಿರಿಜಾ, "ನೀರೇ ಬಂದಿಲ್ವಲ್ಲ ಅಮ್ಮ" ಎನ್ನುತ್ತ ಹಲಗೆಗೆ ಕಾಲಿಟ್ಟಳು.

"ಈ ಸಲ ಪರೀಕ್ಷೆ ಮಾಡಿದ್ದು ನಾನು ಗಿರಿಜಾ. ನಿಲ್ಲು" ಎಂದರು ಸುಮಿತ್ರಾ.

ಅವಳು ಕಾಲು ಹಿಂದೆ ತೆಗೆದಳು. ಇಪ್ಪತ್ತು ನಿಮಿಷದಲ್ಲಿ ಹಲಗೆಯ ಮೇಲೆ ಕೆಂಪು ನೀರು ನುಗ್ಗಿತು.

ತಪ್ಪಿದ ಕೋಡನ್ನು ಕೂತಲ್ಲಿಂದಲೇ ತಿದ್ದಬಹುದು. ಅದು ಕೆಡಿಸಿದ ನಂಬಿಕೆಗೆ ಮಾತ್ರ ಒಬ್ಬರು ಹೋಗಿ ನಿಲ್ಲಬೇಕು. ಅಂದು ನಿಲ್ಲಬೇಕಾದವನು ನಾನು, ನಿಂತವರು ಸುಮಿತ್ರಾ.