ಆರತಿ ತಟ್ಟೆಯ ಇನ್ನೊಂದು ಬದಿ

ನಾನು ಸಿಗರೇಟು ಬಿಟ್ಟಿದ್ದು ಯಾರ ಬುದ್ಧಿಮಾತು ಕೇಳಿಯೂ ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹೆಂಗಸೊಬ್ಬಳು ಏನನ್ನಾದರೂ ಬಿಟ್ಟಳು ಎಂದರೆ ಯಾರೋ ಅವಳನ್ನು ತಿದ್ದಿರಲೇಬೇಕು ಎಂದು ನಮ್ಮ ಜನ ನಂಬುತ್ತಾರೆ. ನನ್ನನ್ನು ಯಾರೂ ತಿದ್ದಲಿಲ್ಲ. ತಿದ್ದಲು ಬಂದವರಿಗೆಲ್ಲ ನಾನು ಬಾಗಿಲಲ್ಲೇ ಉತ್ತರ ಕೊಟ್ಟು ಕಳಿಸಿದ್ದೇನೆ.

ದಿಲ್ಲಿಯ ದ್ವಾರಕಾಕ್ಕೆ ಮೆಟ್ರೋ ಹೊಸದಾಗಿ ಬಂದಿದ್ದ ಕಾಲ ಅದು. ನಾನು ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಸೆಕ್ಷನ್ ಆಫೀಸರ್ ಆಗಿದ್ದೆ. ಗಂಡನಿಗೆ ಗುವಾಹಟಿಗೆ ವರ್ಗವಾಗಿತ್ತು. ಅವರೂ ಸೇದುತ್ತಿದ್ದರು. ರಜೆಗೆ ಬಂದಾಗ ಬಾಲ್ಕನಿಯಲ್ಲಿ ನಿಂತು ಎಲ್ಲರಿಗೂ ಕಾಣುವಂತೆ ಹೊಗೆ ಬಿಡುತ್ತಿದ್ದರು, ಎದುರಿನ ಬ್ಲಾಕಿನವರು ಕೈಬೀಸಿ ನಮಸ್ಕಾರ ಹೇಳುತ್ತಿದ್ದರು. ಅದೇ ಬಾಲ್ಕನಿಯಲ್ಲಿ ಅದೇ ಸಿಗರೇಟನ್ನು ನಾನು ಹಚ್ಚಿದ ದಿನ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ಸೆಕ್ರೆಟರಿ ಫೋನ್ ಮಾಡಿ, "ಮೇಡಂ, ಬಚ್ಚೇ ದೇಖತೇ ಹೈಂ" ಎಂದರು. ನನ್ನ ಗಂಡ ಸೇದುವಾಗ ಆ ಮಕ್ಕಳ ಕಣ್ಣು ಎಲ್ಲಿ ಹೋಗಿರುತ್ತದೆ ಎಂದು ಕೇಳಿದೆ. ಆಮೇಲೆ ಅವರು ಫೋನ್ ಮಾಡಲಿಲ್ಲ.

ಸಿಗರೇಟು ನನಗೆ ಚಟ ಎಂದು ಅನ್ನಿಸಿಯೇ ಇರಲಿಲ್ಲ. ಅದು ನನ್ನ ಹಕ್ಕು ಎಂದುಕೊಂಡಿದ್ದೆ. ಒಮ್ಮೆಗೆ ಒಂದೇ ಪ್ಯಾಕ್ ಕೊಳ್ಳುತ್ತಿದ್ದೆ. ಮನೆಯಲ್ಲಿ ಕೂಡಿಟ್ಟುಕೊಳ್ಳುವವರು ಚಟಗಾರರು, ನಾನಲ್ಲ ಎಂಬುದು ನನ್ನ ವಾದ. ಆ ಒಂದು ಪ್ಯಾಕಿಗಾಗಿ ಜ್ವರದಲ್ಲೂ, ಮೈ ಕೊರೆಯುವ ಜನವರಿಯ ಮಂಜಿನಲ್ಲೂ ಮಾರ್ಕೆಟ್ಟಿನ ಪಾನ್ ಅಂಗಡಿಗೆ ನಡೆದು ಹೋಗುತ್ತಿದ್ದೆ ಎಂಬುದು ಆ ವಾದದಲ್ಲಿ ಸೇರಿರಲಿಲ್ಲ.

ನಮ್ಮ ಕೆಳಗಿನ ಮನೆಯಲ್ಲಿ ನಿವೃತ್ತ ಅಧಿಕಾರಿಯೊಬ್ಬರ ಹೆಂಡತಿ ಇದ್ದರು. ಸೊಸೈಟಿಯ ಕನ್ನಡದವರೆಲ್ಲ ಅವರನ್ನು ದೊಡ್ಡಮ್ಮ ಎಂದು ಕರೆಯುತ್ತಿದ್ದರು. ಎತ್ತರದ ಆಳು, ಮೂಗಿನ ಎರಡೂ ಕಡೆ ಬೊಟ್ಟು, ದನಿಯೋ ಗೇಟಿನ ಗಾರ್ಡಿಗೂ ಕೇಳಬೇಕು. ಕನ್ನಡ ಹೆಂಗಸರ ಭಜನಾ ಮಂಡಳಿಯಲ್ಲಿ ಅವರದೇ ರಾಜ್ಯಭಾರ. ಮಡಿಯಲ್ಲಿ ಅವರನ್ನು ಮೀರಿಸಿದವರಿಲ್ಲ. ಒಬ್ಬರು ಕುಡಿದ ಲೋಟವನ್ನು ಇನ್ನೊಬ್ಬರು ಮುಟ್ಟಿದರೆ "ಎಂಜಲು, ಎಂಜಲು" ಎಂದು ಕೂಗುತ್ತಿದ್ದರು. ಸ್ವಂತ ಮೊಮ್ಮಗಳು ಕಚ್ಚಿದ ಬಿಸ್ಕತ್ತನ್ನು ಮುಂದೆ ಹಿಡಿದರೆ ಮುಖ ತಿರುಗಿಸುತ್ತಿದ್ದರು.

ಆ ವರ್ಷದ ವರಮಹಾಲಕ್ಷ್ಮಿ ಪೂಜೆ ಅವರ ಮನೆಯಲ್ಲಿ. ನಮ್ಮಲ್ಲಿ ಆರತಿಯನ್ನು ಒಬ್ಬಳೇ ಎತ್ತುವ ಪದ್ಧತಿಯಿಲ್ಲ. ಇಬ್ಬರು ಹೆಂಗಸರು ತಟ್ಟೆಯ ಎರಡು ಬದಿ ಹಿಡಿದು ಎತ್ತಬೇಕು, ಉಳಿದವರು ಹಾಡಬೇಕು. ಜೋಡಿ ಜೋಡಿಯಾಗಿ ಎಲ್ಲರೂ ಎತ್ತಿದರು. ಕೊನೆಗೆ ನಾನೊಬ್ಬಳು ಉಳಿದೆ. ತಟ್ಟೆಯ ಒಂದು ಬದಿ ಹಿಡಿದು ನಿಂತೆ, ಇನ್ನೊಂದು ಬದಿಗೆ ಯಾರೂ ಬರಲಿಲ್ಲ. ದೊಡ್ಡಮ್ಮ ನನ್ನ ಕೈಯಿಂದ ತಟ್ಟೆ ತೆಗೆದುಕೊಂಡು, "ಬೀಡಿ ಸಿಗರೇಟು ಹಿಡಿಯೋ ಕೈಲಿ ಆರತಿ ಹಿಡೀಬಾರದಮ್ಮ. ತಪ್ಪು ತಿಳ್ಕೋಬೇಡ" ಎಂದರು.

ನಾನು ತಪ್ಪೇ ತಿಳಿದುಕೊಂಡೆ. ಅರಿಶಿನ ಕುಂಕುಮ ತೆಗೆದುಕೊಳ್ಳದೆ ಎದ್ದುಬಂದೆ. ಮುತ್ತೈದೆ ಹಾಗೆ ಎದ್ದು ಹೋಗಬಾರದು ಎಂದು ಹಿಂದಿನಿಂದ ಯಾರೋ ಅಂದರು. ಲಿಫ್ಟ್ ಇದ್ದುದರಿಂದ ನಮ್ಮ ಬ್ಲಾಕಿನ ಮೆಟ್ಟಿಲುಗಳನ್ನು ಯಾರೂ ಬಳಸುತ್ತಿರಲಿಲ್ಲ. ಅವರ ಮಹಡಿಗೂ ನನ್ನ ಮಹಡಿಗೂ ನಡುವಿನ ಮೆಟ್ಟಿಲ ಕಟ್ಟೆಯ ಮೇಲೆ ಕೂತು ಒಂದರ ಹಿಂದೊಂದು ಸೇದಿದೆ. ಅಲ್ಲಿ ಒಣಗಿದ ಕ್ರೋಟನ್ ಗಿಡದ ಕುಂಡವೊಂದಿತ್ತು, ತುಂಡುಗಳನ್ನು ಅದರ ಮಣ್ಣಿನಲ್ಲಿ ಚುಚ್ಚಿ ಆರಿಸುವುದು ನನ್ನ ರೂಢಿ. ರೇಷ್ಮೆ ಸೀರೆಯಲ್ಲಿ ಕೂತು ಅಳುತ್ತ ಸೇದಿದ್ದು ಅದೇ ಮೊದಲು, ಅದೇ ಕೊನೆ.

ಇದಾಗಿ ಸ್ವಲ್ಪ ದಿನಕ್ಕೆ ಅದೇ ಕಟ್ಟೆಗೆ ದೊಡ್ಡಮ್ಮ ಏದುಸಿರು ಬಿಡುತ್ತ ಹತ್ತಿ ಬಂದರು. ಜಗಳಕ್ಕೇ ಬಂದರೆಂದು ನಾನು ಸೆರಗು ಸಿಕ್ಕಿಸಿದೆ. ಅವರು ಅತ್ತಿತ್ತ ನೋಡಿ, ಆ ಗಾರ್ಡಿಗೂ ಕೇಳುವ ದನಿಯನ್ನು ಪಿಸುಮಾತಿಗೆ ಇಳಿಸಿ, "ಆ ಪಾನ್ ಅಂಗಡಿ ಭಯ್ಯಾ ಹತ್ರ ಹೊಗೆಸೊಪ್ಪು ಸಿಗುತ್ತೇನೇ?" ಎಂದು ಕೇಳಿದರು.

ವಿಷಯ ಇಷ್ಟು. ದೊಡ್ಡಮ್ಮನಿಗೆ ಊಟವಾದ ಮೇಲೆ ಎಲೆ ಅಡಿಕೆ ಬೇಕು, ಎಲೆ ಅಡಿಕೆಯೊಳಗೆ ಹೊಗೆಸೊಪ್ಪು ಬೇಕು. ಮೊದಲ ಬಾಣಂತನದಲ್ಲಿ ಹಲ್ಲುನೋವಿಗೆಂದು ಯಾರೋ ಕೊಟ್ಟದ್ದು, ಅಲ್ಲಿಂದ ಹಿಡಿದದ್ದು. ಊರಿಂದ ರೈಲಿನಲ್ಲಿ ಬರುವವರ ಕೈಯಲ್ಲಿ ತರಿಸಿಕೊಳ್ಳುತ್ತಿದ್ದರು. ಹಲ್ಲಿನ ಡಾಕ್ಟರು ಅವರ ಕೆನ್ನೆಯ ಒಳಗೆ ಬಿಳಿ ಮಚ್ಚೆ ನೋಡಿ, ಇವತ್ತೇ ನಿಲ್ಲಿಸದಿದ್ದರೆ ಮುಂದೆ ಬಾಯನ್ನೇ ಕೊಯ್ಯಬೇಕಾದೀತು ಎಂದು ಎಚ್ಚರಿಸಿದ್ದರು. ಸೊಸೆ ಡಬ್ಬಿಯನ್ನು ಕಸಕ್ಕೆ ಎಸೆದಿದ್ದಳು. ಮರ್ಯಾದಸ್ಥರ ಮನೆ ಹೆಂಗಸು ದಿಲ್ಲಿಯ ಪಾನ್ ಅಂಗಡಿ ಮುಂದೆ ನಿಲ್ಲುವ ಹಾಗಿಲ್ಲ. ಇಡೀ ಸೊಸೈಟಿಯಲ್ಲಿ ಅಲ್ಲಿ ನಿಲ್ಲುವ ಹೆಂಗಸು ನಾನೊಬ್ಬಳೇ.

"ಆರತಿ ಹಿಡಿಯೋಕೆ ಬಾರದ ಕೈ ಹೊಗೆಸೊಪ್ಪು ತರೋಕೆ ಆಗುತ್ತಾ?" ಎಂದೆ.

"ಅದು ಬೇರೆ, ಇದು ಬೇರೆ. ಇದು ತಾಂಬೂಲ ಕಣೇ. ದೇವರ ಮುಂದೆ ಇಡೋದು."

"ಹೊಗೆಸೊಪ್ಪು ಯಾವ ದೇವರ ಮುಂದೆ ಇಡ್ತಾರೆ ದೊಡ್ಡಮ್ಮ?"

ಅವರು ಸೆರಗಿನ ಗಂಟು ಬಿಚ್ಚಿ ಒಂದು ನೋಟನ್ನು ನನ್ನ ಕೈಗೆ ತುರುಕಿದರು. ತಂದುಕೊಟ್ಟೆ. ಸೇಡಿಗಾಗಿಯೇ ತಂದುಕೊಟ್ಟೆ ಎನ್ನಬೇಕು, ಅವರ ಮಡಿಯ ಗುಟ್ಟು ನನ್ನ ಕೈಲಿದೆ ಎಂಬುದು ನನಗೆ ಬಹಳ ರುಚಿಸಿತ್ತು. ಪಾನ್ ಅಂಗಡಿಯವನು ಮಾತ್ರ "ಮೇಡಂ ಜೀ, ಅಬ್ ಖೈನೀ ಭೀ?" ಎಂದು, ಈಗ ಹೊಗೆಸೊಪ್ಪೂ ಶುರುವೇ ಎನ್ನುವಂತೆ ಹುಬ್ಬೇರಿಸಿದ. ಹೀಗೆ ದಿನಾ ಸಂಜೆ ನಾನು ಕಚೇರಿಯಿಂದ ಬಂದ ಮೇಲೆ ನಾವಿಬ್ಬರೂ ಆ ಕಟ್ಟೆಯ ಮೇಲೆ ಕೂರತೊಡಗಿದೆವು. ನಾನು ಸೇದುತ್ತಿದ್ದೆ, ಅವರು ಅಂಗೈಯಲ್ಲಿ ಸುಣ್ಣ ಹಾಕಿ ತಿಕ್ಕುತ್ತಿದ್ದರು. ನನ್ನ ಹೊಗೆಗೆ ಅವರು ಮೂಗು ಮುಚ್ಚುತ್ತಿದ್ದರು. ಅವರ ಉಗುಳಿಗೆ ನಾನು ಮುಖ ಕಿವಿಚುತ್ತಿದ್ದೆ.

ಆಮೇಲೆ ವ್ಯಾಪಾರಿಗಳ ಬಂದ್ ಆಯಿತು. ಮನೆಗಳಿದ್ದ ಕಡೆ ನಡೆಸುತ್ತಿದ್ದ ಅಂಗಡಿಗಳಿಗೆ ಸರ್ಕಾರ ಬೀಗ ಜಡಿಯುತ್ತಿದ್ದ ದಿನಗಳವು. ಅದಕ್ಕೆ ವಿರೋಧವಾಗಿ ಮಾರ್ಕೆಟ್ ಪೂರ್ತಿ ಷಟರ್ ಎಳೆದುಕೊಂಡಿತು. ಮೊದಲ ದಿನ ಬ್ಯಾಗಿನಲ್ಲಿದ್ದುದರಲ್ಲಿ ಕಳೆಯಿತು. ಎರಡನೆಯ ದಿನ ಬೀದಿಯ ಗಲಾಟೆಯಿಂದ ಕಚೇರಿಗೂ ಹೋಗಲಾಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ನನಗೆ ತಲೆ ಸಿಡಿಯುತ್ತಿತ್ತು, ಕೈಗೆ ಸಿಕ್ಕಿದ್ದನ್ನೆಲ್ಲ ಕುಕ್ಕುತ್ತಿದ್ದೆ. ಗುವಾಹಟಿಯಿಂದ ಗಂಡ ಫೋನ್ ಮಾಡಿದರೆ ಅವರು ಊಟದ ಮಾತೆತ್ತಿದ್ದಕ್ಕೇ ರೇಗಿ ಫೋನಿಟ್ಟೆ. ಕುಂಡದ ನೆನಪಾಯಿತು. ತುದಿಯಲ್ಲಿ ಇಷ್ಟಿಷ್ಟು ಉಳಿದ ತುಂಡುಗಳು ಅಲ್ಲಿರುತ್ತವೆ. ಅತ್ತೆಯ ಮಾತು, ಅಪ್ಪನ ಮಾತು, ಮೇಲಧಿಕಾರಿಯ ಮಾತು ಯಾವುದನ್ನೂ ಲೆಕ್ಕಿಸದ ನಾನು ಬರಿಗಾಲಲ್ಲಿ ಕಸದ ತುಂಡು ಹುಡುಕಲು ಮೆಟ್ಟಿಲಿಳಿದೆ.

ಅಲ್ಲಿ ದೊಡ್ಡಮ್ಮ ಆಗಲೇ ಇದ್ದರು. ಕುಂಡದ ಪಕ್ಕ ಕುಕ್ಕುರುಗಾಲಲ್ಲಿ ಕೂತು, ನನ್ನ ಸಿಗರೇಟಿನ ತುಂಡುಗಳನ್ನು ಮಣ್ಣಿನಿಂದ ಕಿತ್ತು, ಉಗುರಿನಿಂದ ಕಾಗದ ಸೀಳಿ, ಒಳಗಿನ ಕಪ್ಪು ಪುಡಿಯನ್ನು ಅಂಗೈಗೆ ಉದುರಿಸಿಕೊಳ್ಳುತ್ತಿದ್ದರು. ಅಂಗೈಯಲ್ಲಿ ಸುಣ್ಣ ಸಿದ್ಧವಾಗಿತ್ತು. ಆ ತುಂಡುಗಳಲ್ಲಿ ಒಂದರ ತುದಿಗೆ ನನ್ನ ತುಟಿಯ ಬಣ್ಣ ಇನ್ನೂ ಹಾಗೇ ಇತ್ತು.

ನನ್ನನ್ನು ನೋಡಿ ಅವರ ಕೈ ನಿಂತಿತು. ತಮ್ಮ ಅಂಗೈಯನ್ನು ನೋಡಿಕೊಂಡರು, ನನ್ನ ಬಾಯಿಯನ್ನು ನೋಡಿದರು.

"ನಿನ್ನ ಎಂಜಲು ಕಣೇ ಇದು" ಎಂದರು. ಇನ್ನೊಮ್ಮೆ "ನಿನ್ನ ಎಂಜಲು" ಎಂದು ಹೇಳಿ ಅಳಲು ಶುರು ಮಾಡಿದರು.

ಇಂಥದೊಂದು ಗಳಿಗೆಗಾಗಿ ನಾನು ಪೂಜೆಯ ದಿನದಿಂದ ಕಾದಿದ್ದೆ. ಈಗ ಬಂದಾಗ ನಗು ಬರಲಿಲ್ಲ. ಅವರ ಕೈಗೆ ಸಿಗದೆ ಉಳಿದಿದ್ದ ಒಂದು ತುಂಡಿನ ಕಡೆಗೆ ನನ್ನ ಕಣ್ಣು ಹೋಗಿತ್ತು, ಅದನ್ನು ಅವರು ಎತ್ತಿಕೊಳ್ಳುವ ಮೊದಲು ನಾನು ಎತ್ತಿಕೊಳ್ಳಬೇಕು ಎಂದು ಲೆಕ್ಕ ಹಾಕುತ್ತಿದ್ದೆ. ಎದುರಿಗೆ ಒಂದು ಹಿರಿ ಜೀವ ಅಳುತ್ತಿದೆ, ನಾನು ತುಂಡು ನೋಡುತ್ತಿದ್ದೇನೆ! ನನಗೆ ನನ್ನ ಮೇಲೇ ಎಂಥ ಸಿಟ್ಟು ಬಂತೆಂದರೆ ಕುಂಡವನ್ನು ಎತ್ತಿ ಮೆಟ್ಟಿಲ ಮೇಲಿಂದ ಕೆಳಕ್ಕೆ ಉರುಳಿಸಿಬಿಟ್ಟೆ. ಹಕ್ಕಂತೆ ಹಕ್ಕು. ಯಾರ ಅಪ್ಪಣೆಗೂ ತಲೆಬಾಗದವಳು ನಾನು ಎಂದು ಮೆರೆದಿದ್ದೆ, ದಿನವಿಡೀ ಬೆರಳುದ್ದದ ಒಂದು ಕಡ್ಡಿಯ ಅಪ್ಪಣೆ ಪಾಲಿಸುತ್ತಿದ್ದೆ.

"ಬಿಡೋಣ ದೊಡ್ಡಮ್ಮ. ನೀವೂ ಬಿಡಿ, ನಾನೂ ಬಿಡ್ತೀನಿ. ಆದರೆ ಒಂದು ಮಾತು. ನೀವು ನನ್ನನ್ನ ತಿದ್ದಿದ್ರಿ ಅಂತ ಯಾರ ಬಾಯಲ್ಲೂ ಬರಬಾರದು. ಬಂದ ದಿನ ಬಾಲ್ಕನಿಯಲ್ಲಿ ನಿಂತು ಸೇದ್ತೀನಿ."

"ನಾನು ಸೊಪ್ಪು ಹಾಕ್ತಿದ್ದೆ ಅಂತ ನೀನೂ ಯಾರಿಗೂ ಹೇಳಬಾರದು" ಎಂದು ಮೂಗು ಒರೆಸಿಕೊಂಡರು.

ಬಿಡುವುದು ಸುಲಭ ಎಂದು ಹೇಳುವವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ನನಗೆ ಕಾಫಿಯ ಮೇಲೆ ಬೇಕೆನಿಸುತ್ತಿತ್ತು, ಅವರಿಗೆ ಊಟದ ಮೇಲೆ. ಒಬ್ಬರಿಗೆ ತಡೆಯಲಾಗದಿದ್ದರೆ ಇನ್ನೊಬ್ಬರಿಗೆ ಮಿಸ್ಡ್ ಕಾಲ್ ಕೊಡಬೇಕು, ಕೊಟ್ಟ ಕೂಡಲೇ ಕಟ್ಟೆಗೆ ಬರಬೇಕು ಎಂದು ಮಾತಾಯಿತು. ದೊಡ್ಡಮ್ಮ ಮಗನ ಹಳೆಯ ಮೊಬೈಲು ಇಸಿದುಕೊಂಡರು. ಅವರಿಗೆ ಒಂದೇ ರಿಂಗಿಗೆ ನಿಲ್ಲಿಸಲು ಬರುತ್ತಿರಲಿಲ್ಲ, ನಾನು ಮೀಟಿಂಗಿನಲ್ಲಿದ್ದಾಗ ಎತ್ತುವ ತನಕ ಬಾರಿಸುತ್ತಿದ್ದರು. ಎತ್ತಿದರೆ, "ಏನಾದ್ರೂ ಬೈಯೇ, ಬಾಯಿ ತಡೀತಿಲ್ಲ" ಎನ್ನುತ್ತಿದ್ದರು. ಕಚೇರಿಯ ಕಾರಿಡಾರಿನಲ್ಲಿ ನಿಂತು ನಾನು ಅವರ ಭಜನೆಯನ್ನು, ಅವರು ಮಾಡುವ ಹುಳಿಯನ್ನು, ಅವರ ಮಡಿಯನ್ನು ಬೈಯುತ್ತಿದ್ದೆ. ಅವರಿಗೆ ಸಿಟ್ಟು ಬಂದು ತಿರುಗಿ ಬೈಯುತ್ತಿದ್ದರು. ಅಷ್ಟರಲ್ಲಿ ಇಬ್ಬರಿಗೂ ಆ ಗಳಿಗೆ ದಾಟಿರುತ್ತಿತ್ತು. ಆಸ್ಪತ್ರೆಯವರು ಯಾವ ಮದ್ದು ಕೊಡುತ್ತಾರೋ ನನಗೆ ಗೊತ್ತಿಲ್ಲ, ನಮ್ಮ ಮದ್ದು ಇದು.

ಒಮ್ಮೆ ನಾನು ಜಾರಿದೆ. ನಾನು ಮಾಡಿದ ಕೆಲಸಕ್ಕೆ ಮೇಲಧಿಕಾರಿ ತನ್ನ ಹೆಸರು ಹಾಕಿಕೊಂಡಿದ್ದ. ಅವನ ಮುಖಕ್ಕೇ ಹೇಳಿ ಹೊರಬಂದವಳು, ಪಕ್ಕದವರ ಹತ್ತಿರ ಒಂದು ಇಸಿದುಕೊಂಡು ಸೇದಿದೆ. ಸಂಜೆ ಕಟ್ಟೆಯ ಮೇಲೆ ದೊಡ್ಡಮ್ಮನ ಮೂಗಿಗೆ ತಕ್ಷಣ ಗೊತ್ತಾಯಿತು. ಬೈಯಲಿ, ತಿರುಗಿ ಬೈಯೋಣ ಎಂದು ನಾನು ಕತ್ತಿ ಮಸೆದು ಕೂತಿದ್ದೆ. ಅವರು ಬೈಯಲಿಲ್ಲ.

"ಹಂಗಾದ್ರೆ ನಾಳೆ ಬರ್ತಾ ನನಗೂ ಸೊಪ್ಪು ತಗೊಂಡು ಬಾ" ಎಂದರು.

"ತರಲ್ಲ."

"ಯಾಕೆ?"

"ಆ ಬಿಳಿ ಮಚ್ಚೆಗೆ ನಾನು ಯಾಕೆ ತಂದು ಸುರಿಯಲಿ? ಸಾಯ್ತೀರಾ ನೀವು!" ಎಂದು ಕಿರುಚಿದೆ. ಅವರು ಹೊಗೆ ತುಂಬಿದ ನನ್ನ ಎದೆಯ ಕಡೆ ಬೆರಳು ತೋರಿಸಿದರು. ನಾನು ಮತ್ತೆ ಸೇದಲಿಲ್ಲ.

ಮುಂದಿನ ಶ್ರಾವಣದಲ್ಲಿ ವರಮಹಾಲಕ್ಷ್ಮಿ ಪೂಜೆ ಮತ್ತೆ ದೊಡ್ಡಮ್ಮನ ಮನೆಯಲ್ಲೇ. ಹೋಗಬಾರದು ಎಂದಿದ್ದೆ. ಮಿಸ್ಡ್ ಕಾಲ್ ಮೇಲೆ ಮಿಸ್ಡ್ ಕಾಲ್ ಬಂದವು, ಅದು ನಮ್ಮ ಕರಾರು, ಹೋಗದೆ ವಿಧಿಯಿರಲಿಲ್ಲ. ಪೂಜೆ ಮುಗಿದು ಆರತಿಯ ಹೊತ್ತಾಯಿತು. ಮಂಡಳಿಯ ಒಬ್ಬಾಕೆ, ಎಲ್ಲದಕ್ಕೂ ಮುಂದೆ ನಿಂತು ಎರಡು ಮಾತಾಡುವ ಹೆಂಗಸು, ನಗುನಗುತ್ತ ನನ್ನ ಬೆನ್ನ ಮೇಲೆ ಕೈಯಿಟ್ಟಳು. "ಈ ಸಲ ನಿಜಕ್ಕೂ ಸಂತೋಷದ ವಿಷಯ. ನಮ್ಮ ದೊಡ್ಡಮ್ಮ ಹೇಳಿ ಹೇಳಿ ಇವರನ್ನ ಒಳ್ಳೆ ದಾರಿಗೆ ತಂದ್ರು. ಈಗ ಇವರೂ ನಮ್ಮ ಹಾಗೇ ಆಗಿದಾರೆ."

ಹೆಂಗಸರೆಲ್ಲ "ಅಚ್ಛಾ, ಅಚ್ಛಾ" ಎಂದು ತಲೆದೂಗಿದರು. ನನಗೆ ಕಿವಿಯವರೆಗೆ ಬಿಸಿಯೇರಿತು. ಎದ್ದು ನಿಂತೆ. ಮೆಟ್ಟಿಲಿಳಿದರೆ ಪಾನ್ ಅಂಗಡಿ ಎಷ್ಟು ಹತ್ತಿರ ಎಂಬುದು ನನ್ನ ಕಾಲುಗಳಿಗೆ ಚೆನ್ನಾಗಿ ಗೊತ್ತಿತ್ತು. ಬಾಲ್ಕನಿಯಲ್ಲೇ ಸೇದುತ್ತೇನೆ, ಇವರೆಲ್ಲ ನೋಡಲಿ, ಎಂದು ಬಾಗಿಲ ಕಡೆ ಹೊರಟೇಬಿಟ್ಟೆ.

"ನಿಂತ್ಕೊಳ್ಳೇ" ಎಂದಿತು ಗಾರ್ಡಿಗೂ ಕೇಳುವ ಆ ದನಿ.

ದೊಡ್ಡಮ್ಮ ದೇವರ ಮುಂದಿನಿಂದ ಎದ್ದಿದ್ದರು. "ನಾನು ಯಾರನ್ನೂ ಯಾವ ದಾರಿಗೂ ತಂದಿಲ್ಲ. ಬಾಣಂತನದಿಂದ ಈ ಬಾಯಿಗೆ ಹೊಗೆಸೊಪ್ಪು ಹಾಕಿದೀನಿ. ಡಬ್ಬಿ ಎಸೆದ ಮೇಲೂ ಕದ್ದು ತರಿಸಿ ಹಾಕಿದೀನಿ. ಅದೂ ಸಿಗದೇ ಇದ್ದಾಗ ಇವಳು ಸೇದಿ ಬಿಸಾಕಿದ ತುಂಡು ಸೀಳಿ, ಇವಳ ಎಂಜಲನ್ನ ಸುಣ್ಣದಲ್ಲಿ ಕಲಸಿದೀನಿ. ಬಿಡೋಣ ಅಂತ ಮೊದಲು ಹೇಳಿದ್ದು ಇವಳು. ಈಗ ಹೇಳಿ, ಯಾರ ಕೈ ಆರತಿ ಹಿಡೀಬಾರದು?"

ಸೊಸೆ ಕೈಯಲ್ಲಿದ್ದ ಹೂವಿನ ಬುಟ್ಟಿ ಹಿಡಿದು ಹಾಗೇ ನಿಂತಳು. ಒಳಕೋಣೆಯಲ್ಲಿ ಅವರ ಯಜಮಾನರು ನೋಡುತ್ತಿದ್ದ ಟಿವಿಯ ಸದ್ದು ನಿಂತಿತು. ಆ ಹೆಂಗಸರ ಮುಂದೆ ಅವರು ಅಷ್ಟು ವರ್ಷ ಕಟ್ಟಿಕೊಂಡಿದ್ದುದೆಲ್ಲ ಒಂದು ಮಾತಿಗೆ ಹೋಯಿತು, ಹೋಗುವುದು ಅವರಿಗೆ ಗೊತ್ತೂ ಇತ್ತು.

ದೊಡ್ಡಮ್ಮ ತಟ್ಟೆಯ ಒಂದು ಬದಿ ಹಿಡಿದು ನನ್ನತ್ತ ಚಾಚಿದರು. ಬಾಗಿಲಿನಿಂದ ವಾಪಸು ಬಂದು ಇನ್ನೊಂದು ಬದಿ ಹಿಡಿದೆ. ಎತ್ತುವಾಗ ದೀಪ ವಾಲಿತು, ನಾನು ಬಿಗಿಯಾಗಿ ಹಿಡಿದೆ. ಆರತಿ ಹಾಡು ಯಾರೂ ಶುರು ಮಾಡಲಿಲ್ಲ. ಕಾದು ನೋಡಿ ದೊಡ್ಡಮ್ಮನೇ ಶುರು ಮಾಡಿದರು. ನನಗೆ ಶ್ರುತಿಯೂ ಇಲ್ಲ, ತಾಳವೂ ಇಲ್ಲ, ಆ ಹಾಡು ಪೂರ್ತಿ ಬರುವುದೂ ಇಲ್ಲ. ಆದರೂ ಅವರ ದನಿಯ ಜೊತೆಗೆ, ಗೇಟಿನ ತನಕ ಕೇಳುವಷ್ಟು ಜೋರಾಗಿ ಹಾಡಿದೆ.